ಮಲದಲ್ಲಿ ರಕ್ತ ಕಂಡರೆ ಮೊದಲು ವೈದ್ಯರ ಬಳಿಗೆ

ಮಾನ್ಯ ಸಂಪಾದಕರೇ,

ಗ್ಯಾಸ್, ಎದೆಯುರಿ, ಮೂಲವ್ಯಾಧಿಗಳನ್ನು ಆಪರೇಷನ್ ಇಲ್ಲದೆ ಶಾಶ್ವತವಾಗಿ ವಾಸಿಮಾಡುತ್ತೇವೆಂಬ ಜಾಹೀರಾತುಗಳು ಪತ್ರಿಕೆಗಳ ವರ್ಗೀಕೃತ ಪುಟಗಳಿಂದ ಹಿಡಿದು ಬಸ್ ನಿಲ್ದಾಣದ ಗೋಡೆಗಳವರೆಗೆ ಎಲ್ಲೆಡೆ ಕಾಣುತ್ತವೆ. ಜಠರ ಮತ್ತು ಕರುಳಿನ ಹುಣ್ಣು, ಗಡ್ಡೆ, ಕ್ಯಾನ್ಸರ್‌ಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತು ತಡೆ ಕಾಯ್ದೆ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ. ಸರ್ಕಾರಿ ಆಸ್ಪತ್ರೆಯ ಔಷಧ ವಿತರಣಾ ಕಿಟಕಿಯ ಹಿಂದೆ ನಿಂತು ನಿವೃತ್ತನಾದ ನನಗೆ ಹೆಚ್ಚು ಕಳವಳ ತರುವುದು, ಮಲದಲ್ಲಿ ರಕ್ತ ಕಂಡ ವ್ಯಕ್ತಿ ವೈದ್ಯರ ಮುಂದೆ ಕೂರುವ ಮೊದಲು ಇಂಥ ಭರವಸೆಗಳ ಹಿಂದೆ ಅಲೆದು ಕಳೆದುಕೊಳ್ಳುವ ತಿಂಗಳುಗಳು.

ಕೆಂಪು ರಕ್ತ ಕಂಡಾಗ ಅದು ಮೂಲವ್ಯಾಧಿಯೇ ಆಗಿರುವ ಸಾಧ್ಯತೆ ಹೆಚ್ಚು ಎಂಬುದು ನಿಜ. ಆದರೆ ದೊಡ್ಡ ಕರುಳಿನ ಕೆಳಭಾಗದ ಹಾಗೂ ಗುದನಾಳದ ಕ್ಯಾನ್ಸರ್ ಕೂಡ ಮೊದಲು ತೋರುವುದು ಇದೇ ಲಕ್ಷಣವನ್ನು. ಒಬ್ಬರಿಗೆ ಮೂಲವ್ಯಾಧಿ ಇರುವುದರಿಂದ ಇನ್ನೊಂದು ಇಲ್ಲವೆಂದು ಸಾಬೀತಾಗುವುದಿಲ್ಲ. ರಕ್ತ ಮಲದೊಂದಿಗೆ ಬೆರೆತಿದ್ದರೆ, ಲೋಳೆ ಕಾಣಿಸಿಕೊಂಡರೆ, ಹೋಗಿಬಂದ ಮೇಲೂ ಇನ್ನೂ ಹೋಗಬೇಕೆನಿಸುತ್ತಿದ್ದರೆ, ವರ್ಷಗಳಿಂದ ಇದ್ದ ಅಭ್ಯಾಸ ಬದಲಾಗಿ ಕೆಲವು ವಾರಗಳಿಂದ ಮಲಬದ್ಧತೆಯೋ ಭೇದಿಯೋ ಹಿಡಿದಿದ್ದರೆ ಪರೀಕ್ಷೆ ಆಗಲೇಬೇಕು. ವೈದ್ಯರು ಕೈಗವಸು ತೊಟ್ಟು ಬೆರಳಿನಿಂದ ಮಾಡುವ ಗುದಪರೀಕ್ಷೆಗೆ ಒಂದೆರಡು ನಿಮಿಷ ಸಾಕು, ಗುದನಾಳದ ಎಷ್ಟೋ ಗಡ್ಡೆಗಳು ಅಷ್ಟರಲ್ಲೇ ಕೈಗೆ ಸಿಗುತ್ತವೆ. ನಾಚಿಕೆಯಿಂದ ಇದನ್ನು ತಪ್ಪಿಸಿಕೊಳ್ಳುವವರಲ್ಲಿ ಹೆಂಗಸರು ಹೆಚ್ಚು. ಮಹಿಳಾ ವೈದ್ಯರು ಬೇಕೆಂದು ಕೇಳುವುದು ಅವರ ಹಕ್ಕು. 30 ವರ್ಷ ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿವೆ, ದೊಡ್ಡ ಕರುಳಿನದು ಇಲ್ಲ. ಆದ್ದರಿಂದ ಇಲ್ಲಿ ಮೊದಲು ಗಮನಿಸಬೇಕಾದವರು ರೋಗಿಯೇ.

ಕೆಂಪು ರಕ್ತಕ್ಕಾದರೂ ಜನ ಹೆದರುತ್ತಾರೆ, ಕಪ್ಪು ಮಲಕ್ಕೆ ಯಾರೂ ಹೆದರುವುದಿಲ್ಲ. ಜಠರದಲ್ಲಿ ಅಥವಾ ಸಣ್ಣ ಕರುಳಿನ ಆರಂಭದಲ್ಲಿ ಸೋರಿದ ರಕ್ತ ಜೀರ್ಣವಾಗುತ್ತ ಕೆಳಗಿಳಿದು, ಟಾರಿನಂತೆ ಕಪ್ಪಾಗಿ, ಅಂಟಂಟಾಗಿ, ವಿಪರೀತ ದುರ್ವಾಸನೆಯಿಂದ ಹೊರಬರುತ್ತದೆ. 50ರಿಂದ 100 ಮಿಲಿಲೀಟರ್ ರಕ್ತ ಸೋರಿದರೂ ಇದು ಕಾಣಬಹುದು. ನಮ್ಮ ಭಾಗದಲ್ಲಿ ಇದಕ್ಕೊಂದು ಮುಖ್ಯ ಕಾರಣ ಮಂಡಿನೋವಿನ ಮಾತ್ರೆ. ತೋಟದ ಕೆಲಸ, ಗಾರೆ ಕೆಲಸ ಮುಗಿಸಿ ಮನೆಗೆ ಹೋಗುವಾಗ ಮೆಡಿಕಲ್ ಶಾಪಿನಲ್ಲಿ ಎರಡು ಡೈಕ್ಲೋಫೆನಾಕ್, ಅದರ ಜೊತೆಗೆ ಗ್ಯಾಸಿಗೆಂದು ಒಂದು ಪ್ಯಾಂಟೊಪ್ರಝೋಲ್ ಕೊಳ್ಳುವುದು ಎಷ್ಟೋ ಜನರ ನಿತ್ಯದ ರೂಢಿ, ಎರಡೂ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮಾತ್ರೆಗಳಾದರೂ. ನೋವಿನ ಮಾತ್ರೆಗಳು ಜಠರದ ಒಳಪದರವನ್ನು ಕಾಯುವ ರಾಸಾಯನಿಕಗಳ ಉತ್ಪಾದನೆಯನ್ನೇ ತಗ್ಗಿಸುತ್ತವೆ. ವಯಸ್ಸಾದವರಲ್ಲಿ ಇದರಿಂದಾದ ಹುಣ್ಣು ನೋವನ್ನೇ ಕೊಡದೆ, ನೇರವಾಗಿ ರಕ್ತಸ್ರಾವದಿಂದಲೇ ಪತ್ತೆಯಾಗುವುದುಂಟು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಹುಣ್ಣಿನ ಇನ್ನೊಂದು ಮುಖ್ಯ ಕಾರಣ. ಅದನ್ನು ಪತ್ತೆಮಾಡಿದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲೇ ನೊಬೆಲ್ ಬಂದರೂ ನಮ್ಮ ಮನೆಗಳಲ್ಲಿ ಇಂದಿಗೂ ತಪ್ಪೆಲ್ಲ ಮೆಣಸಿನಕಾಯಿಯದೇ!

ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಬೀಟ್‌ರೂಟ್ ತಿಂದರೆ ಕೆಂಪಾಗುತ್ತದೆ. ಅಂಥ ಕಾರಣ ಯಾವುದೂ ಇಲ್ಲದಿದ್ದರೆ ತಡಮಾಡಬಾರದು. ಕಪ್ಪು ಮಲದ ಜೊತೆಗೆ ತಲೆಸುತ್ತು, ತಣ್ಣನೆಯ ಬೆವರು ಇದ್ದರೆ ಅಥವಾ ವಾಂತಿ ರಕ್ತದ ಬಣ್ಣದಲ್ಲೋ ಕಾಫಿ ಚರಟದಂತೆಯೋ ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಬೇಕು. ಹೃದಯಕ್ಕಾಗಿ ಆಸ್ಪಿರಿನ್ ನುಂಗುವವರು ಅದನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಕಣ್ಣಿಗೆ ಕಾಣದೆ ತಿಂಗಳುಗಟ್ಟಲೆ ಸೋರುವ ರಕ್ತ ಹೊರಗೆ ತೋರುವುದು ಸುಸ್ತು, ಏದುಸಿರು, ಬಿಳಿಚಿದ ಮುಖಗಳ ರೂಪದಲ್ಲಿ. ಹಿಮೋಗ್ಲೋಬಿನ್ ಗಂಡಸರಲ್ಲಿ 13 ಗ್ರಾಂಗಿಂತ, ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಐವತ್ತು ದಾಟಿದ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣಾಂಶ ಕೊರತೆಯ ರಕ್ತಹೀನತೆ ಇದ್ದರೆ ಟಾನಿಕ್ ಕೊಟ್ಟು ಕಳುಹಿಸಿದರೆ ಸಾಲದು, ಜಠರ ಮತ್ತು ಕರುಳನ್ನು ಎಂಡೋಸ್ಕೋಪಿಯಲ್ಲಿ ನೋಡಬೇಕಾಗುತ್ತದೆ. ಅನ್ನ ಅಥವಾ ಮುದ್ದೆ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಪಥ್ಯ ಮಾಡದೆಯೂ ತೂಕ ಇಳಿಯುವುದು, ಕಣ್ಣು ಹಳದಿಯಾಗಿ ಮಲ ಬಿಳಿಚಿಕೊಳ್ಳುವುದು ಇವೂ ಮೆಡಿಕಲ್ ಶಾಪಿನಲ್ಲಿ ಪರಿಹಾರ ಕೇಳುವ ತೊಂದರೆಗಳಲ್ಲ. ಆಮ್ಲ ತಗ್ಗಿಸುವ ಮಾತ್ರೆ ಜಠರದ ಕ್ಯಾನ್ಸರಿನ ನೋವನ್ನೂ ಸ್ವಲ್ಪ ಕಾಲ ಶಮನಗೊಳಿಸಬಲ್ಲದು. ಹಾಗಾಗಿ ಮಾತ್ರೆಯಿಂದ ಆರಾಮವಾಯಿತೆಂಬ ಕಾರಣಕ್ಕೆ ರೋಗ ಸಣ್ಣದೆಂದು ಭಾವಿಸುವಂತಿಲ್ಲ.

ನನ್ನ ಮನವಿಗಳು ಬಹಳವೇನೂ ಇಲ್ಲ. ಶಾಶ್ವತ ಗುಣದ ಭರವಸೆ ನೀಡುವ ಜಾಹೀರಾತುಗಳನ್ನು ಸ್ವೀಕರಿಸುವ ಮುನ್ನ ತಮ್ಮ ಪತ್ರಿಕೆ ಎರಡು ಬಾರಿ ಯೋಚಿಸಲಿ. ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಹಿರಿಯರಿಗೆ ಮಲದ ಬಣ್ಣದ ಬಗ್ಗೆಯೂ ಒಂದು ಪ್ರಶ್ನೆ ಕೇಳುವಂತೆ ಆರೋಗ್ಯ ಇಲಾಖೆ ಸೂಚಿಸಲಿ. ನನ್ನ ವೃತ್ತಿಬಾಂಧವರು, ತಿಂಗಳಿಂದ ತಿಂಗಳಿಗೆ ಅದೇ ಗ್ಯಾಸಿನ ಮಾತ್ರೆ ಕೇಳಿ ಬರುವ ಗಿರಾಕಿಗೆ ಇನ್ನೊಂದು ಹಾಳೆ ಮಾತ್ರೆ ಕತ್ತರಿಸಿಕೊಡುವ ಮೊದಲು, ಮಲ ಕಪ್ಪಾಗಿದೆಯೇ, ತೂಕ ಇಳಿದಿದೆಯೇ, ಬೇರೆ ಯಾವ ನೋವಿನ ಮಾತ್ರೆ ನುಂಗುತ್ತಿದ್ದೀರಿ ಎಂದು ವಿಚಾರಿಸಲಿ. ವೈದ್ಯರ ಬಳಿಗೆ ಹೊರಟವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಹಾಳೆಗಳನ್ನು, ನಾಟಿ ಔಷಧದ ಪುಡಿ ಇದ್ದರೆ ಅದನ್ನೂ, ಜೊತೆಗೆ ಒಯ್ಯಲಿ.

ಇತಿ,
ಓರ್ವ ನಿವೃತ್ತ ಫಾರ್ಮಸಿಸ್ಟ್, ತಿಪಟೂರು