ಯೋಗ ಸರಿ, ಮಂಡಿ ಕೇಳುವವರಾರು?

ಮಾನ್ಯರೇ,

ನನಗೆ 51 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮುಟ್ಟು ನಿಂತ ಮೇಲೆ ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಕಾದ ಹೆಂಚಿನಂತಾಗಿ ಎಚ್ಚರವಾಗುತ್ತಿತ್ತು. ಬಗ್ಗಿ ಬಗ್ಗಿ ಹೊಲಿದು ಕುತ್ತಿಗೆ ಬೇರೆ ಹಿಡಿದುಕೊಂಡಿತ್ತು. ಮೂರು ವರ್ಷದ ಹಿಂದೆ ಬಡಾವಣೆಯ ಪಾರ್ಕಿನಲ್ಲಿ ನಡೆಯುವ ಯೋಗ ತರಗತಿಗೆ ಸೇರಿದೆ. ಕುತ್ತಿಗೆ ಸಡಿಲವಾಯಿತು. ಸೆಕೆ ಪೂರ್ತಿ ಹೋಗಿಲ್ಲ, ಆದರೆ ಎದ್ದು ಕೂತು ಹತ್ತು ಸಲ ಭ್ರಾಮರಿ, ಅಂದರೆ ಗುಂಯ್ ಎನ್ನುತ್ತಾ ಉಸಿರು ಬಿಡುವ ಪ್ರಾಣಾಯಾಮ, ಮಾಡಿದರೆ ಮತ್ತೆ ಕಣ್ಣು ಹತ್ತುತ್ತದೆ. (ಜೇನುಗೂಡು ಎದ್ದ ಹಾಗೆ ಕೇಳುತ್ತದೆ ಎಂದು ನಮ್ಮ ಯಜಮಾನರ ದೂರು.)

ನನ್ನ ದೂರು ಬೇರೆ. ಈ ಸಲ ರಥಸಪ್ತಮಿಗೆ 108 ಸೂರ್ಯನಮಸ್ಕಾರ ಮಾಡಿಸಿದರು. ನಮ್ಮ ಸಾಲಿನಲ್ಲಿ ಐವತ್ತು ದಾಟಿದವರೇ ಹೆಚ್ಚು. ಯಾರಿಗೆ ಬಿಪಿ, ಯಾರ ಮಂಡಿ ಸವೆದಿದೆ, ಯಾರಿಗೆ ಗರ್ಭಕೋಶ ತೆಗೆದಿದೆ, ಒಬ್ಬರೂ ಕೇಳಲಿಲ್ಲ. ಅರವತ್ತಕ್ಕೇ ನಿಲ್ಲಿಸಬೇಕಿತ್ತು, ಪಕ್ಕದವರು ನಿಲ್ಲಿಸಲಿಲ್ಲವೆಂದು ನಾನೂ ಬಿಡಲಿಲ್ಲ. ಹದಿನೈದು ದಿನ ಮಂಡಿ ಊದಿಕೊಂಡು ಮಿಷನ್ ತುಳಿಯಲಾಗಲಿಲ್ಲ. ಮದುವೆ ಸೀಸನ್ನಿನ ಬ್ಲೌಸುಗಳು ಬೇರೆಯವರ ಪಾಲಾದವು.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಟೊಳ್ಳಾಗುತ್ತಾ ಬರುತ್ತದಂತೆ. ಅಂಥವರನ್ನು ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ‘ಇನ್ನೂ ಬಗ್ಗಿ’ ಎಂದು ಬೆನ್ನು ಒತ್ತಿದರೆ ಬೆನ್ನುಮೂಳೆ ಬಿರುಕು ಬಿಡಬಹುದು ಎಂದು ಮಂಡಿ ನೋಡಿದ ಡಾಕ್ಟರು ಎಚ್ಚರಿಸಿದರು. ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಕಲಿಸುತ್ತಿದ್ದುದು ಹೆಚ್ಚಾಗಿ ಅರಸು ಮನೆತನದ ಹುಡುಗರಿಗೆ. ಆ ಬಿರುಸು ಆ ವಯಸ್ಸಿನದು. ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಹಗ್ಗ, ಮರದ ಇಟ್ಟಿಗೆ ಕೊಟ್ಟು ಆಸನ ಮಾಡಿಸಿದವರು. ನಮ್ಮ ಪಾರ್ಕಿನಲ್ಲಿ ಕಲ್ಲುಬೆಂಚು ಹಿಡಿದರೆ ‘ಅಜ್ಜಿ ಯೋಗ’ ಎಂದು ನಗುತ್ತಾರೆ.

ಮಾತ್ರೆ ಬಿಡಿಸುವ ಉತ್ಸಾಹಿಗಳೂ ಇದ್ದಾರೆ. ಅವರ ಮಾತು ಕೇಳಿ ಎದುರುಮನೆಯಾಕೆ ಥೈರಾಯ್ಡ್ ಮಾತ್ರೆ ಬಿಟ್ಟು ಮುಖ ಊದಿಸಿಕೊಂಡರು. ಈಗ ಮಾತ್ರೆ ನುಂಗಿಯೇ ತರಗತಿಗೆ ಬರುತ್ತಾರೆ.

ಒಂದು ಬ್ಲೌಸಿಗೆ ನಾನು ಹನ್ನೆರಡು ಅಳತೆ ತೆಗೆಯುತ್ತೇನೆ. ಸೇರುವ ದಿನ ವಯಸ್ಸು, ಬಿಪಿ, ಮಂಡಿ, ಆಪರೇಷನ್ನು ಇಷ್ಟನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಲು ಯೋಗ ಶಿಕ್ಷಕರಿಗೆ ಎಷ್ಟು ಹೊತ್ತು ಬೇಕು? ಜೂನ್ 21ರ ಯೋಗ ದಿನಕ್ಕೆ ಹೆಸರು ಬರೆಸಿಕೊಳ್ಳುವಾಗಲೇ ಇದನ್ನು ಶುರು ಮಾಡಲಿ. ನಮ್ಮ ಸಾಲಿಗೆ ನಾಲ್ಕು ಕುರ್ಚಿಯನ್ನೂ ಹಾಕಿಸಲಿ.

– ಒಬ್ಬ ಓದುಗಿ, ಮೈಸೂರು