ಗೃಹ ಸಚಿವರೇ, ಆರೋಪಪಟ್ಟಿ ಯಾವಾಗ?

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

2023ರ ಜುಲೈನಲ್ಲಿ ಒಂದು ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೊರಟ ನನ್ನ ತಮ್ಮ ಮನೆಗೆ ತಿರುಗಿ ಬರಲಿಲ್ಲ. ತೋಟದ ದಾರಿಯಲ್ಲಿ ಕರೆಂಟಿನ ತಂತಿ ಕಡಿದು ಹುಲ್ಲಿನೊಳಗೆ ಬಿದ್ದಿತ್ತು. ನಾನು ಓಡಿಹೋದಾಗ ಕ್ಯಾನು ಮಗುಚಿ ಹಾಲೆಲ್ಲ ಬದುವಿನ ಗುಂಟ ಹರಿದಿತ್ತು. ಲೈನ್ ತೆಗೆಸಲು ಇಪ್ಪತ್ತು ನಿಮಿಷ ಫೋನ್ ಮಾಡುತ್ತಲೇ ಇದ್ದೆ. ಅಷ್ಟು ಹೊತ್ತೂ ನಾಲ್ಕು ಮಾರು ದೂರದಲ್ಲಿ ನಿಂತು ನೋಡಿದೆ. ಒಡಹುಟ್ಟಿದವನನ್ನು ಮುಟ್ಟುವಂತಿರಲಿಲ್ಲ.

ಆ ತಂತಿ ಜೋತುಬಿದ್ದು ಒಂದೂವರೆ ತಿಂಗಳಾಗಿತ್ತು. ಗಾಳಿ ಬೀಸಿದರೆ ಕಿಡಿ ಹಾರುತ್ತಿತ್ತು. ಮೂರು ಸಲ ಅರ್ಜಿ ಕೊಟ್ಟೆವು. ಮೂರಕ್ಕೂ ವಿದ್ಯುತ್ ಕಚೇರಿಯ ಶಾಖಾಧಿಕಾರಿಯ ಸಹಿ, ಮೊಹರು ಇವೆ.

ಪೊಲೀಸರು ಮೊದಲು ಬರೆದುಕೊಂಡದ್ದು ಬರೀ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಠಾಣೆಯ ಬೆಂಚು ಸವೆಸಿದ ಮೇಲೆ ಹಳೆಯ ದಂಡ ಸಂಹಿತೆಯ 304-ಎ, ಅಂದರೆ ನಿರ್ಲಕ್ಷ್ಯದಿಂದಾದ ಸಾವಿನ ಕಲಮು, ಹಾಕಿದರು. ಆರೋಪಿ ಯಾರೆಂದುಕೊಂಡಿರಿ? ಗುತ್ತಿಗೆಯಲ್ಲಿ ಸೇರಿ ತಿಂಗಳೂ ತುಂಬದ ಲೈನ್‌ಮನ್ ಹುಡುಗ. ಸಹಿ ಹಾಕಿದ ಸಾಹೇಬರ ಹೆಸರು ಎಲ್ಲಿಯೂ ಇಲ್ಲ.

ಸ್ಥಳ ಮಹಜರಿನ ಕಥೆಯನ್ನೂ ಕೇಳಿ. ಹೆಣ ಪೋಸ್ಟ್‌ಮಾರ್ಟಂಗೆ ಹೋದ ಮಧ್ಯಾಹ್ನವೇ ಹೊಸ ತಂತಿ ಎಳೆದರು. ಒಂದೂವರೆ ತಿಂಗಳು ಸಿಗದ ತಂತಿ, ಏಣಿ, ಜನ ಎಲ್ಲ ಮೂರು ಗಂಟೆಯಲ್ಲಿ ಸಿಕ್ಕಿತು. ಮರುದಿನ ಬಂದ ಪೊಲೀಸರು ಆ ಹೊಸ ತಂತಿಯನ್ನೇ ನೋಡಿ ‘ತಂತಿ ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಂಡು ಹೋದರು. ಸುಸ್ಥಿತಿಯ ತಂತಿಯಿಂದ ಸತ್ತವನು ನನ್ನ ತಮ್ಮನೊಬ್ಬನೇ ಇರಬೇಕು.

ಕಾನೂನು ತಮಗೆ ನಾನು ಹೇಳಬೇಕಿಲ್ಲ. 304-ಎಗೆ ಹೆಚ್ಚೆಂದರೆ ಎರಡು ವರ್ಷದ ಸಜೆ, ಅಥವಾ ಬರೀ ದಂಡ. ಸಾವಿರಾರು ಜನರನ್ನು ಕೊಂದ ಭೋಪಾಲದ ವಿಷಾನಿಲ ಪ್ರಕರಣವೂ 1996ರಲ್ಲಿ ಇದೇ ಕಲಮಿಗೆ ಇಳಿದು, 2010ರಲ್ಲಿ ಎರಡು ವರ್ಷದ ಶಿಕ್ಷೆಯಾಯಿತು. 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಇದೆ. ನನ್ನ ತಮ್ಮ ಒಂದು ವರ್ಷ ಅವಸರಪಟ್ಟ. ಅದಿರಲಿ, ಸಾವು ಸಂಭವಿಸಬಹುದೆಂದು ತಿಳಿದೂ ಕೈಕಟ್ಟಿ ಕೂತವರಿಗೆ ಹಳೆಯ ಸಂಹಿತೆಯಲ್ಲೇ 304ರ ಎರಡನೇ ಭಾಗ ಇತ್ತು, ಹತ್ತು ವರ್ಷದವರೆಗೆ. ಮೂರು ಅರ್ಜಿ ಓದಿದವರಿಗೆ ತಿಳಿದಿರಲಿಲ್ಲವೇ?

ಎರಡು ವರ್ಷದ ಅಪರಾಧಕ್ಕೆ ಕಾಲಮಿತಿ ಮೂರೇ ವರ್ಷ. ಅದು ದಾಟಿದರೆ ವಿಳಂಬ ಮನ್ನಿಸಿ ಎಂದು ನ್ಯಾಯಾಲಯದ ಮುಂದೆ ಕೈಮುಗಿದು ನಿಲ್ಲಬೇಕು. ಠಾಣೆಯಲ್ಲಿ ಮಾತ್ರ ‘ಪರಿಹಾರ ಬಂತಲ್ಲ, ಇನ್ನೇನು?’ ಎನ್ನುತ್ತಾರೆ. ಆ ಚೆಕ್ಕು ಅವನ ಹೆಂಡತಿಗೆ ಕೊಟ್ಟದ್ದು ಸ್ವಾಮಿ, ಶಾಖಾಧಿಕಾರಿಗೆ ಕೊಟ್ಟ ಬಿಡುಗಡೆ ಪತ್ರವಲ್ಲ.

ಶಾಖಾಧಿಕಾರಿಯನ್ನು ಆರೋಪಿಯನ್ನಾಗಿ ಮಾಡಿಸಿ. ಆರೋಪಪಟ್ಟಿ ಹಾಕಿಸಿ. ತನಿಖೆ ಪ್ರಗತಿಯಲ್ಲಿದೆ ಎಂಬ ಉತ್ತರ ನನ್ನ ಬಳಿ ಈಗಾಗಲೇ ನಾಲ್ಕಿವೆ, ಐದನೆಯದು ಬೇಡ. ಆರೋಪಪಟ್ಟಿ ಹಾಕಿಸಿ.

ಮೂರು ಅರ್ಜಿಗಳ ನಕಲು ಲಗತ್ತಿಸಿದ್ದೇನೆ. ಮೊಹರು ಮಸುಕಾಗಿದೆ, ದಿನಾಂಕ ಓದಲು ಬರುತ್ತದೆ.

ಇಂತಿ,
ಸತ್ತವನ ಅಣ್ಣ