ಹೊಸ ನಾಟಕಕ್ಕೂ ಒಂದು ಓದು ಸಿಗಲಿ

ಮಾನ್ಯ ಸಂಪಾದಕರೇ,

ಹೊಸಬರು ಬರೆದ ನಾಟಕ ರಂಗಕ್ಕೆ ಬರುವುದು ಯಾಕಿಷ್ಟು ಕಷ್ಟ? ರಂಗಮಂದಿರದ ಬಾಡಿಗೆ, ಲೈಟು, ತಾಲೀಮು ಅಂತ ತಂಡಗಳಿಗೆ ಖರ್ಚು ಜಾಸ್ತಿ, ಹಾಗಾಗಿ ಜನ ಬಂದೇ ಬರುತ್ತಾರೆ ಎನ್ನುವ ಹಳೆಯ ನಾಟಕವನ್ನೇ ಮತ್ತೆ ಆಡುತ್ತಾರೆ, ಅದು ಅರ್ಥವಾಗುತ್ತದೆ. ಆದರೆ ಓದದೇ ಪಕ್ಕಕ್ಕಿಡುವುದು ಸರಿಯಲ್ಲ ಅಲ್ವಾ? ನನ್ನ ಹಸ್ತಪ್ರತಿ ಒಂದು ತಂಡದ ಬಳಿ 8 ತಿಂಗಳು ಸುಮ್ನೆ ಬಿದ್ದಿತ್ತು.

ಕೊನೆಗೆ ಗೆಳೆಯರನ್ನು ಕೂರಿಸಿ ಜೋರಾಗಿ ಓದಿಸಿದೆ. ಬರೆಯುವಾಗ ಚೆಂದ ಕಂಡ ಎಷ್ಟೋ ಮಾತುಗಳು ಅವರ ಬಾಯಲ್ಲಿ ತೊಡರಿದವು, ಒಂದು ದೃಶ್ಯ ಪೂರ್ತಿ ಬೇಡವೆಂದು ಗೊತ್ತಾಯಿತು, 11 ಪಾತ್ರಗಳು 5ಕ್ಕೆ ಇಳಿದವು. ಇದಕ್ಕೆ ಬೇಕಾದದ್ದು ಒಂದು ಕೋಣೆ, ನಾಲ್ಕು ಕುರ್ಚಿ, ಅಷ್ಟೇ. ತಂಡಗಳು ಆಗಾಗ ಹೊಸ ನಾಟಕವನ್ನು ಹೀಗೆ ಓದಿಸಲಿ, ಬರೆದವರನ್ನೂ ಎದುರಿಗೆ ಕೂರಿಸಲಿ.

— ಒಬ್ಬ ಹೊಸ ನಾಟಕಕಾರ